ಅವರು ನಿಮಗೆ ಏನಾಗಬೇಕು?

ಎರಡು ತಿಂಗಳಿನಿಂದ ಇಲ್ಲಿ ಏನನ್ನೂ ಬರೆದಿರಲಿಲ್ಲ. ನಿಮ್ಮಲ್ಲಿ ಕೆಲವರು ಫೋನು ಮಾಡಿ, "ಟೀಚರ್, ಆರೋಗ್ಯವಾಗಿದ್ದೀರಾ?" ಎಂದು ವಿಚಾರಿಸಿದಿರಿ. ನಿಮ್ಮ ಪ್ರೀತಿಗೆ ಋಣಿ. ನಾನು ಚೆನ್ನಾಗಿಯೇ ಇದ್ದೇನೆ. ಆಸ್ಪತ್ರೆಯಲ್ಲಿದ್ದದ್ದು ನನ್ನ ಗೆಳತಿ. ಅವಳಿಗೆ ದೊಡ್ಡದೊಂದು ಶಸ್ತ್ರಚಿಕಿತ್ಸೆ ಆಗಬೇಕಿತ್ತು. ಯಜಮಾನರು ತೀರಿಕೊಂಡು ಆರು ವರ್ಷಗಳಾಗಿವೆ, ಮಗ ಹೊರದೇಶದಲ್ಲಿದ್ದಾನೆ. ಅವನು ಬರುವವರೆಗೆ ನಾನು ಜೊತೆಗಿದ್ದೆ. ತನ್ನ ಹೆಸರು ಬರೆಯಕೂಡದೆಂದು ಅವಳದೇ ಅಪ್ಪಣೆಯಾದ್ದರಿಂದ ಇಲ್ಲಿ ಅವಳನ್ನು ಗೆಳತಿ ಎಂದಷ್ಟೇ ಕರೆಯುತ್ತೇನೆ. ಈ ಬರೆಹಕ್ಕೆ ಅಷ್ಟೇ ಸಾಕು.

ದಾಖಲಾತಿಯ ದಿನ ಕೌಂಟರಿನಲ್ಲಿದ್ದ ಹುಡುಗಿ ಫಾರಂ ತುಂಬುತ್ತ ಕೇಳಿದಳು: "ಪೇಷಂಟಿಗೆ ನೀವು ಏನಾಗಬೇಕು?" ನಾನು "ಗೆಳತಿ" ಎಂದೆ. "ಅದಲ್ಲಮ್ಮಾ, ಸಂಬಂಧ ಹೇಳಿ" ಎಂದಳು. ಅವಳದು ಒರಟುತನವೇನಲ್ಲ. ಫಾರಂನಲ್ಲಿ ಗಂಡ, ಮಗ, ಮಗಳು, ಅಣ್ಣ-ತಮ್ಮ, ಅಕ್ಕ-ತಂಗಿ ಎಲ್ಲಕ್ಕೂ ಜಾಗವಿತ್ತು. ಕೊನೆಯಲ್ಲಿ "ಇತರೆ" ಎಂದಿತ್ತು. "ಇತರೆಯವರನ್ನು ರಾತ್ರಿ ಒಳಗೆ ಬಿಡುವುದಿಲ್ಲ" ಎಂದಳು. ಮೂವತ್ತಾರು ವರ್ಷ ಮಕ್ಕಳಿಗೆ ಸುಳ್ಳು ಹೇಳಬಾರದೆಂದು ಬೋಧಿಸಿದ ನಾನು, ಅರವತ್ತಾರನೆಯ ವಯಸ್ಸಿನಲ್ಲಿ, ಕೈ ನಡುಗದೆ "ತಂಗಿ" ಎಂದು ಬರೆಸಿದೆ. ಸಂಜೆ ಗೆಳತಿಗೆ ಇದನ್ನು ಹೇಳಿದಾಗ ಅವಳು ನಕ್ಕು, "ತಂಗಿ ಅಂತ ಬರೆಸಿದ್ಯಾ ಮಾರಾಯ್ತಿ? ನಿನಗಿಂತ ನಾನೇ ಮೂರು ತಿಂಗಳು ಚಿಕ್ಕವಳು. ಅಕ್ಕ ಅಂತಾದರೂ ಬರೆಸಬಾರದಿತ್ತಾ?" ಎಂದಳು. ನಾನೂ ನಕ್ಕೆ. ಆದರೆ ರಾತ್ರಿ ಅವಳ ಮಂಚದ ಪಕ್ಕದ ಬೆಂಚಿನ ಮೇಲೆ ಮಲಗಿದಾಗ ನನಗೆ ನಗು ಬರಲಿಲ್ಲ, ಸಿಟ್ಟು ಬಂತು. ಆ ಸಿಟ್ಟನ್ನೇ ಇಂದು ಬರೆಯುತ್ತಿದ್ದೇನೆ.

"ಏನಾಗಬೇಕು?" ಎಂಬುದು ನಮ್ಮ ಭಾಷೆಯ ಬಹು ಹಳೆಯ ಪ್ರಶ್ನೆ. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಸಾವಿನ ಮನೆಯ ಜಗಲಿಯಲ್ಲಿ ಎಲ್ಲ ಕಡೆಯೂ ಕೇಳುತ್ತಾರೆ. ಅದಕ್ಕೆ ಉತ್ತರವಾಗಿ ಕನ್ನಡದಲ್ಲಿ ಎಷ್ಟೊಂದು ಸೂಕ್ಷ್ಮವಾದ ಪದಗಳಿವೆ! ಅತ್ತಿಗೆ, ನಾದಿನಿ, ಓರಗಿತ್ತಿ, ಬೀಗಿತ್ತಿ, ಸೋದರತ್ತೆ. ಕೊನೆಗೆ ಸವತಿಗೂ ಒಂದು ಹೆಸರಿದೆ, ಹೆಸರಿಗೆ ತಕ್ಕ ಒಂದು ಸ್ಥಾನವಿದೆ. "ಗೆಳತಿ" ಎಂಬ ಪದವಿದೆಯೇ ಹೊರತು ಅದಕ್ಕೆ ಸ್ಥಾನವಿಲ್ಲ. "ಏನೂ ಆಗಬೇಕಿಲ್ಲ, ಸ್ನೇಹಿತರು ಅಷ್ಟೇ" ಎಂದು ನಾವೇ ಹೇಳಿಬಿಡುತ್ತೇವೆ. ಆ "ಅಷ್ಟೇ"ಯ ಮೇಲೆ ನನ್ನ ಜಗಳ.

ಈ ಜಗಳಕ್ಕೂ ಪುಸ್ತಕಗಳಿಗೂ ಏನು ಸಂಬಂಧವೆಂದು ಕೇಳುತ್ತೀರಿ. ಇದೆ. ಬಾಳಿನಲ್ಲಿ ಯಾವುದು ದೊಡ್ಡದು, ಯಾವುದು ಸಣ್ಣದು ಎಂಬುದನ್ನು ನಮ್ಮ ತಲೆಮಾರಿನ ಹೆಣ್ಣುಮಕ್ಕಳು ಕಲಿತದ್ದು ಅರ್ಧ ಮನೆಯಿಂದ, ಇನ್ನರ್ಧ ಕಾದಂಬರಿಗಳಿಂದ.

ಮೊದಲು ಆ ಕಾದಂಬರಿಗಳ ಪರವಾಗಿ ಒಂದು ಮಾತು. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಶಾಲೆಯೊಂದರ ಗ್ರಂಥಾಲಯಕ್ಕೆ ಪುಸ್ತಕಗಳ ಪಟ್ಟಿ ಮಾಡಿಕೊಟ್ಟಿದ್ದೆ. ತ್ರಿವೇಣಿ, ಎಂ.ಕೆ. ಇಂದಿರಾ, ಅನುಪಮಾ ನಿರಂಜನ ಇವರ ಹೆಸರುಗಳಿದ್ದವು. ಹಿರಿಯ ಸಹೋದ್ಯೋಗಿಯೊಬ್ಬರು ಕೆಂಪು ಪೆನ್ನಿನಲ್ಲಿ ಅಷ್ಟನ್ನೂ ಹೊಡೆದು ಹಾಕಿ, "ಇವೆಲ್ಲ ಅಡುಗೆಮನೆ ಸಾಹಿತ್ಯ ಮೇಡಂ, ಮಕ್ಕಳಿಗೆ ಬೇಡ" ಎಂದರು. ನಾನು ಹೊಸಬಳು, ಸುಮ್ಮನಾದೆ. ಅಂದು ಹೇಳಬೇಕಿದ್ದ ಉತ್ತರವನ್ನು ನಲವತ್ತು ವರ್ಷಗಳ ಮೇಲೆ ಹೇಳುತ್ತಿದ್ದೇನೆ.

ಅಡುಗೆಮನೆ ಸಾಹಿತ್ಯವೆಂದರೆ ಏನು? 1913ರಲ್ಲಿ "ಸುಶೀಲೆ"ಯನ್ನು ಪ್ರಕಟಿಸಿದ ನಂಜನಗೂಡು ತಿರುಮಲಾಂಬ ಬಾಲವಿಧವೆ. "ಸತೀಹಿತೈಷಿಣೀ" ಎಂಬ ಗ್ರಂಥಮಾಲೆಯನ್ನು ತಾವೇ ನಡೆಸಿದವರು. ಎಂ.ಕೆ. ಇಂದಿರಾ ಅವರಿಗೆ ಹೆಚ್ಚಿನ ಶಾಲಾ ವಿದ್ಯಾಭ್ಯಾಸವಿರಲಿಲ್ಲ. ಮೊದಲ ಕಾದಂಬರಿ "ತುಂಗಭದ್ರ" ಪ್ರಕಟವಾದಾಗ, 1963ರಲ್ಲಿ, ಅವರಿಗೆ ನಲವತ್ತಾರು ವರ್ಷ. ಅದೇ ವರ್ಷ ತ್ರಿವೇಣಿ ಮೂವತ್ತೈದು ತುಂಬುವ ಮೊದಲೇ ತೀರಿಕೊಂಡರು. ಅಷ್ಟು ಚಿಕ್ಕ ಆಯುಸ್ಸಿನಲ್ಲಿ ಅವರು ಹೆಣ್ಣಿನ ಮನೋರೋಗವನ್ನು ಕುರಿತು ಬರೆದುದನ್ನು ನಮ್ಮ ಮನೆಗಳಲ್ಲಿ ಪಿಸುಮಾತಿನಲ್ಲಿಯೂ ಆಡುತ್ತಿರಲಿಲ್ಲ. "ಶರಪಂಜರ"ದ ಕಾವೇರಿ ಹೆರಿಗೆಯ ಬಳಿಕ ಮನಸ್ಸಿನ ಸ್ವಾಸ್ಥ್ಯ ಕಳೆದುಕೊಂಡು, ಆಸ್ಪತ್ರೆಯಲ್ಲಿ ಗುಣಮುಖಳಾಗಿ ಮನೆಗೆ ಮರಳುತ್ತಾಳೆ. ಗುಣವಾಗದೇ ಉಳಿಯುವುದು ಮನೆಯವರ ಕಣ್ಣು. ಅದೇ ಅವಳನ್ನು ಮತ್ತೆ ಕೆಡಹುತ್ತದೆ. ಇದನ್ನು ಅಡುಗೆಮನೆಯ ವಿಷಯವೆಂದು ಕರೆಯುವವರು ಅಡುಗೆಮನೆಯಲ್ಲಿ ಏನೇನು ಬೇಯುತ್ತದೆಂದು ತಿಳಿಯದವರು.

"ಫಣಿಯಮ್ಮ"ನನ್ನೇ ನೋಡಿ. 1976ರ ಕೃತಿ. ಒಂಬತ್ತನೆಯ ವಯಸ್ಸಿಗೇ ಗಂಡನನ್ನು ಕಳೆದುಕೊಂಡ, ತಲೆ ಬೋಳಿಸಿ ಕೂರಿಸಿದ ಮಲೆನಾಡಿನ ಹೆಣ್ಣೊಬ್ಬಳು ಮನೆಮಂದಿಗೆಲ್ಲ ದುಡಿಯುತ್ತಾಳೆ. ಮಡಿಯ ಗೆರೆ ದಾಟಿ, ಕೆಳಜಾತಿಯ ಹೆಣ್ಣಿನ ಹೆರಿಗೆಗೆ ಕೈ ಕೊಡುತ್ತಾಳೆ. ತಲೆ ಬೋಳಿಸಿಕೊಳ್ಳಲು ಒಪ್ಪದ ಎಳೆಯ ವಿಧವೆಯ ಪರವಾಗಿ ನಿಲ್ಲುತ್ತಾಳೆ. ಪ್ರೇಮಾ ಕಾರಂತರು ಅದನ್ನು ಚಲನಚಿತ್ರ ಮಾಡಿದರು. ಇಂಗ್ಲಿಷಿಗೆ ತಂದವರು ಅನುಪಮಾ ನಿರಂಜನರ ಮಗಳು ತೇಜಸ್ವಿನಿ ನಿರಂಜನ. ಒಬ್ಬ ಲೇಖಕಿಯ ಕೃತಿಯನ್ನು ಇನ್ನೊಬ್ಬ ಲೇಖಕಿಯ ಮಗಳು ಹೊರನಾಡಿಗೆ ಮುಟ್ಟಿಸಿದಳು. ಈ ಅಡುಗೆಮನೆಗೆ ಎಷ್ಟು ಉದ್ದದ ಕೈಗಳಿವೆ ನೋಡಿ.

ಆದ್ದರಿಂದ ಕುಟುಂಬದ ಕಥೆ ಕೀಳೆಂಬ ವಾದವನ್ನು ನಾನು ಒಪ್ಪುವುದಿಲ್ಲ. ಆದರೆ ನನ್ನ ಜಗಳ ಇಲ್ಲಿಗೆ ಮುಗಿಯುವುದೂ ಇಲ್ಲ. ನಾನು ಪ್ರೀತಿಸಿದ ಆ ಕಾದಂಬರಿಗಳ ಮೇಲೆಯೇ ನನಗೊಂದು ತಕರಾರಿದೆ. ನಾನು ಓದಿ ಬೆಳೆದ ಬಹುಪಾಲು ಸಾಂಸಾರಿಕ ಕಥೆಗಳಲ್ಲಿ ನಾಯಕಿಗೆ ಕಾಲೇಜಿನಲ್ಲಿ ಒಬ್ಬ ಗೆಳತಿ ಇರುತ್ತಾಳೆ. ಅವಳ ಕೆಲಸ ನಾಯಕಿಯನ್ನು ಛೇಡಿಸುವುದು, ಪತ್ರ ತಲುಪಿಸುವುದು, ಮದುವೆಯ ದಿನ ಪಕ್ಕದಲ್ಲಿ ನಿಂತು ಕಣ್ಣೊರೆಸಿಕೊಳ್ಳುವುದು. ಆಮೇಲೆ ಅವಳಿಲ್ಲ. ಮುಂದಿನ ಇನ್ನೂರು ಪುಟಗಳಲ್ಲಿ ಅತ್ತೆ ಕಾಡುತ್ತಾಳೆ, ಗಂಡ ಸಂಶಯಪಡುತ್ತಾನೆ, ಮಗು ಸಾಯುತ್ತದೆ. ಆ ಗೆಳತಿ ಒಂದು ಕಾಗದವನ್ನೂ ಬರೆಯುವುದಿಲ್ಲ. ಓದುವ ನಮಗೂ ಅವಳ ನೆನಪಾಗುವುದಿಲ್ಲ. ಕಾವೇರಿಯನ್ನು ಹಿಂದಿನ ಕಾವೇರಿಯೆಂದೇ ಕಾಣುವ ಗೆಳತಿಯೊಬ್ಬಳು ಬಂದು ಎಂಟು ದಿನ ಆ ಮನೆಯಲ್ಲಿ ಕುಳಿತಿದ್ದರೆ ಏನಾಗುತ್ತಿತ್ತೆಂದು ನಾನು ಮೊದಲ ಸಲ ಯೋಚಿಸಿದ್ದು ನನಗೆ ಐವತ್ತು ದಾಟಿದ ಮೇಲೆ.

ಇದು ನಮ್ಮ ಕಾದಂಬರಿಕಾರ್ತಿಯರು ಹುಟ್ಟಿಸಿದ ಪದ್ಧತಿಯಲ್ಲ. ಇದರ ಬೇರು ಆಳದಲ್ಲಿದೆ. ಕಾಳಿದಾಸನ "ಅಭಿಜ್ಞಾನ ಶಾಕುಂತಲ"ವನ್ನು ಬಸವಪ್ಪ ಶಾಸ್ತ್ರಿಗಳ ಕನ್ನಡದ ಮೂಲಕ ಎಷ್ಟೋ ತಲೆಮಾರುಗಳು ಓದಿವೆ. ಅನಸೂಯೆ, ಪ್ರಿಯಂವದೆಯರು ನೆನಪಿದ್ದಾರಷ್ಟೆ? ನಾಲ್ಕನೆಯ ಅಂಕದಲ್ಲಿ ಶಕುಂತಲೆ ಗಂಡನ ಮನೆಗೆ ಹೊರಟಾಗ ಆ ಇಬ್ಬರೂ ಜೊತೆಗೆ ಹೋಗಬಾರದು. ಅವರನ್ನೂ ಮುಂದೆ ಮದುವೆ ಮಾಡಿ ಕೊಡಬೇಕಾಗಿದೆ, ಅಲ್ಲಿಗೆ ಹೋಗುವುದು ಉಚಿತವಲ್ಲ ಎಂದು ಕಣ್ವರು ತಡೆಯುತ್ತಾರೆ. ಹಿರಿಯಳಾದ ಗೌತಮಿ ಹೋಗುತ್ತಾಳೆ. ಅನಂತರ ನಾಟಕದಲ್ಲಿ ಆ ಇಬ್ಬರು ಗೆಳತಿಯರಿಗೆ ಪ್ರವೇಶವೇ ಇಲ್ಲ. ಅವರನ್ನು ಕವಿ ಕೈಬಿಟ್ಟುದನ್ನು ರವೀಂದ್ರನಾಥ ಠಾಕೂರರು ಕಾವ್ಯದಲ್ಲಿ ಉಪೇಕ್ಷಿತರಾದ ಸ್ತ್ರೀಯರನ್ನು ಕುರಿತ ತಮ್ಮ ಪ್ರಬಂಧದಲ್ಲಿ ಊರ್ಮಿಳೆಯ ಜೊತೆಗೆ ನೆನೆದಿದ್ದಾರೆ.

ನಾನು ಅದಕ್ಕೆ ಒಂದು ಮಾತು ಸೇರಿಸುತ್ತೇನೆ. ದೂರ್ವಾಸರ ಶಾಪ ಯಾರಿಗೆ ಗೊತ್ತಿತ್ತು? ಶಕುಂತಲೆಗೆ ಗೊತ್ತಿರಲಿಲ್ಲ, ಕಣ್ವರಿಗೆ ಗೊತ್ತಿರಲಿಲ್ಲ, ಗೌತಮಿಗೂ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಆ ಇಬ್ಬರು ಹುಡುಗಿಯರಿಗೆ ಮಾತ್ರ. ಶಕುಂತಲೆಯ ಮನಸ್ಸು ಮೃದುವೆಂದು ಅವಳಿಂದಲೂ ಮುಚ್ಚಿಟ್ಟಿದ್ದರು. ಐದನೆಯ ಅಂಕದಲ್ಲಿ ತುಂಬಿದ ಸಭೆಯಲ್ಲಿ ದುಷ್ಯಂತ "ನೀನು ಯಾರೋ ತಿಳಿಯದು" ಎಂದಾಗ, ಉಂಗುರವಿಲ್ಲದ ಬೆರಳನ್ನು ನೋಡಿಕೊಂಡು ಅವಳು ನಿಂತಾಗ, ನಿಜ ಹೇಳಬಲ್ಲ ಎರಡೇ ಸಾಕ್ಷಿಗಳು ಆಶ್ರಮದಲ್ಲಿ ಉಳಿದಿದ್ದವು. ಬಂಧುಗಳು ಜೊತೆಗಿದ್ದರು, ಗೌತಮಿ ಇದ್ದಳು, ಶಾರ್ಙ್ಗರವ ಇದ್ದ. ಕೊನೆಗೆ ಅವರೂ ಅವಳನ್ನು ಅಲ್ಲಿಯೇ ಬಿಟ್ಟು ಹೊರಟರು. ಗೆಳತಿಯರನ್ನು ಹೊಸಿಲಿನಲ್ಲೇ ತಡೆದುದರ ಬೆಲೆಯನ್ನು ತೆತ್ತವಳು ಶಕುಂತಲೆ. ಇದನ್ನು ನನಗೆ ಯಾವ ಮೇಷ್ಟರೂ ಹೇಳಿಕೊಡಲಿಲ್ಲ. ನಾನೂ ಎಷ್ಟೋ ವರ್ಷ ನಿಮಗೆ ಹೇಳಿಕೊಡಲಿಲ್ಲ. ಬೀಳ್ಕೊಡುಗೆಯ ಕರುಣರಸವನ್ನು ವರ್ಣಿಸಿ ಮುಂದಕ್ಕೆ ಹೋಗುತ್ತಿದ್ದೆ.

ಗಂಡಸರ ಸ್ನೇಹಕ್ಕೆ ಈ ಕೊರತೆಯಿಲ್ಲ. ಕರ್ಣ-ದುರ್ಯೋಧನರ ಸ್ನೇಹ ಪಂಪನ ಕಾಲದಿಂದ ನಮ್ಮ ಕಾವ್ಯದ ಹೆಮ್ಮೆ. ಕೃಷ್ಣ-ಕುಚೇಲರ ಅವಲಕ್ಕಿಯನ್ನು ಎಳೆಯ ಮಕ್ಕಳೂ ಬಲ್ಲರು. ಹೆಂಗಸರಿಗೆ? "ಎರಡು ಜುಟ್ಟು ಸೇರಿದರೂ ಎರಡು ಜಡೆ ಸೇರುವುದಿಲ್ಲ" ಎಂಬ ಗಾದೆಯೊಂದನ್ನು ಕೊಟ್ಟಿದ್ದಾರೆ! ಈ ಗಾದೆಯನ್ನು ಕಟ್ಟಿದವರು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ಒಂದು ದಿನವೂ ಪಾಠ ಮಾಡಿದವರಲ್ಲ. ಜಡೆಗೆ ಜಡೆ ತಾಗಿಸಿಕೊಂಡು ಒಂದೇ ಪುಸ್ತಕವನ್ನು ಇಬ್ಬರು ಓದುವುದನ್ನು 1983ರಿಂದ 2019ರವರೆಗೆ ನಾನು ಕಂಡಿದ್ದೇನೆ. ಹಿಂದೆ ಬೀಸುವ ಕಲ್ಲಿನ ಎದುರುಬದುರು ಕುಳಿತು ಒಂದೇ ಗೂಟ ಹಿಡಿದು ತಿರುಗಿಸಿದವರು ಎರಡು ಜಡೆಯವರೇ ಅಲ್ಲವೇ? 1931ರಲ್ಲಿ ಹಲಸಂಗಿಯ ಗೆಳೆಯರು "ಗರತಿಯ ಹಾಡು" ಎಂದು ಅಚ್ಚು ಹಾಕಿಸಿದ ತ್ರಿಪದಿಗಳು ಹುಟ್ಟಿದ್ದು ಅಂಥ ಕಲ್ಲುಗಳ ಮುಂದೆ. ಅಕ್ಕಮಹಾದೇವಿ ತನ್ನ ಒಳಗುದಿಯನ್ನು ಹೇಳಿಕೊಳ್ಳುವಾಗ ಎಷ್ಟೋ ವಚನಗಳಲ್ಲಿ ಕರೆಯುವುದು "ಅಕ್ಕ" ಎಂದು, "ಅವ್ವ" ಎಂದು. ಕೇಳುವ ಒಬ್ಬ ಹೆಣ್ಣು ಎದುರಿಗಿದ್ದಾಳೆಂಬ ಭರವಸೆಯಿಂದಲೇ ಆ ಮಾತು ಹುಟ್ಟುತ್ತದೆ. ಸ್ನೇಹವಿತ್ತು. ಅದಕ್ಕೆ ಕಥೆಯಲ್ಲಿ ಜಾಗ ಕೊಟ್ಟವರು ಕಡಿಮೆ.

ಈಗ ನನ್ನ ತಪ್ಪನ್ನು ಹೇಳಬೇಕು. ಹೇಳದಿದ್ದರೆ ಈ ಜಗಳಕ್ಕೆ ಅರ್ಹತೆಯಿಲ್ಲ.

ನಾನೂ ಗೆಳತಿಯೂ ಹೈಸ್ಕೂಲಿನಿಂದ ಪದವಿಯವರೆಗೆ ಒಂದೇ ಬೆಂಚು. ವಾರಪತ್ರಿಕೆಗಳಲ್ಲಿ ಬರುತ್ತಿದ್ದ ಧಾರಾವಾಹಿಗಳ ಹಾಳೆ ಕಿತ್ತು, ಗೋಣಿದಾರದಿಂದ ಹೊಲಿದು, ರಟ್ಟು ಹಾಕಿ ಇಬ್ಬರೂ ಓದುತ್ತಿದ್ದೆವು. "ಫಣಿಯಮ್ಮ"ನನ್ನು ಒಬ್ಬಳು ಓದಿ ಹೇಳುವುದು, ಇನ್ನೊಬ್ಬಳು ಅಡಿಕೆ ಸುಲಿಯುವುದು, ಹೀಗೆ ಎರಡು ರಾತ್ರಿಯಲ್ಲಿ ಮುಗಿಸಿದ್ದೆವು. ಅವಳು ಮದುವೆಯಾಗಿ ಉತ್ತರ ಕರ್ನಾಟಕಕ್ಕೆ ಹೋದಳು. ನಾನು ಬಿ.ಎಡ್. ಮುಗಿಸಿ ಕೆಲಸಕ್ಕೆ ಸೇರಿದೆ, ಮದುವೆಯಾದೆ. 1984ರಲ್ಲಿ ಅವಳಿಂದ ಒಂದು ಇನ್‌ಲ್ಯಾಂಡ್ ಪತ್ರ ಬಂತು. ಹುಟ್ಟಿದ ಮಗು ಉಳಿಯಲಿಲ್ಲ, ಎಂಟು ದಿನದ ಮಟ್ಟಿಗೆ ಬಂದು ಹೋಗುತ್ತೀಯಾ ಎಂದು ಕೇಳಿದ್ದಳು.

ನಾನು ಹೋಗಲಿಲ್ಲ. ಯಾರೂ ತಡೆಯಲಿಲ್ಲ, ಬಂಧುಗಳು ತಪ್ಪು ತಿಳಿಯಬಾರದೆಂದು ಇದನ್ನು ಸ್ಪಷ್ಟವಾಗಿ ಬರೆಯುತ್ತಿದ್ದೇನೆ. ನನ್ನ ಅತ್ತೆಯವರಾಗಲಿ ಯಜಮಾನರಾಗಲಿ ಬೇಡವೆನ್ನಲಿಲ್ಲ. ನಾನು ಅವರನ್ನು ಕೇಳಲೇ ಇಲ್ಲ. "ಅವಳು ನಿನಗೆ ಏನಾಗಬೇಕು?" ಎಂದು ಕೇಳಿದರೆ ಹೇಳಲು ಉತ್ತರವಿಲ್ಲವೆಂದು ನಾನೇ ತೀರ್ಮಾನಿಸಿಕೊಂಡೆ. ಅದೇ ತಿಂಗಳು ದೂರದ ನೆಂಟರೊಬ್ಬರ ಮನೆಯ ನಾಮಕರಣಕ್ಕೆ ಮೂರು ದಿನ ರಜೆ ಹಾಕಿದ್ದೆ. ಆ ನೆಂಟರು ನನಗೆ ಏನಾಗಬೇಕೆಂದು ಇಂದು ಲೆಕ್ಕ ಹಾಕಿದರೂ ಸರಿಯಾಗಿ ತಿಳಿಯುವುದಿಲ್ಲ. ನಾಚಿಕೆಯಿಂದ ಪತ್ರಕ್ಕೆ ಉತ್ತರವನ್ನೂ ಬರೆಯಲಿಲ್ಲ. ಹಾಗೆ ಇಪ್ಪತ್ತೇಳು ವರ್ಷ ಕಳೆದವು. 2011ರಲ್ಲಿ ನಿಮ್ಮಲ್ಲೊಬ್ಬಳು ಅವಳ ಊರಿಗೆ ವರ್ಗವಾಗಿ ಹೋಗಿ, ವಿಳಾಸ ಹುಡುಕಿಕೊಟ್ಟಳು. ಆ ಉಪಕಾರವನ್ನು ನಾನು ಮರೆಯುವುದಿಲ್ಲ.

ಈ ಸಲ ಆಸ್ಪತ್ರೆಯಲ್ಲಿ ಆ ಪತ್ರದ ಮಾತೆತ್ತಿ ಕ್ಷಮೆ ಕೇಳಿದೆ. ಅವಳು ಕೋಪಿಸಿಕೊಂಡಿದ್ದರೆ ಚೆನ್ನಾಗಿರುತ್ತಿತ್ತು. "ನೀನು ಬರ್ತೀಯ ಅಂತ ನಾನೂ ಅಂದುಕೊಂಡಿರಲಿಲ್ಲ ಕಣೇ. ಬರೀಬೇಕು ಅನ್ನಿಸ್ತು, ಬರೆದೆ" ಎಂದಳು. ಕರೆದವಳಿಗೂ ನಿರೀಕ್ಷೆಯಿರಲಿಲ್ಲ, ಕರೆಸಿಕೊಂಡವಳಿಗೂ ಕರ್ತವ್ಯವೆನಿಸಲಿಲ್ಲ. ಇಬ್ಬರೂ ಅದೇ ಪುಸ್ತಕಗಳನ್ನು ಓದಿದವರು. ಮದುವೆಯ ಅಧ್ಯಾಯದಲ್ಲಿ ಗೆಳತಿ ಕಥೆಯಿಂದ ಹೊರಡಬೇಕೆಂಬ ಪಾಠವನ್ನು ಇಬ್ಬರೂ ಚೆನ್ನಾಗಿ ಕಲಿತಿದ್ದೆವು.

ಕೆಲವರು ಹೇಳುತ್ತಾರೆ: ಸ್ನೇಹವನ್ನು ಇಷ್ಟು ಎತ್ತಿ ಹಿಡಿದರೆ ಕುಟುಂಬ ಸಡಿಲವಾಗುತ್ತದೆ, ಹೆಣ್ಣಿಗೆ ಮನೆಯೇ ಮೊದಲಾಗಬೇಕು. ಇದಕ್ಕೆ ನನ್ನ ಉತ್ತರ ಸರಳ. ನನ್ನ ಗೆಳತಿಯ ಮಗ ವಿಮಾನ ಹತ್ತಿ ಬರುವವರೆಗೆ ಅವನ ತಾಯಿಯ ತಲೆ ಬಾಚಿದವಳು, ಗಂಜಿ ಕುಡಿಸಿದವಳು ನಾನು. ಅವನು ಬಂದು ನನ್ನ ಕಾಲಿಗೆ ನಮಸ್ಕರಿಸಿದ. ಅವರ ಕುಟುಂಬ ನನ್ನಿಂದ ಸಡಿಲವಾಯಿತೇ, ಬಿಗಿಯಾಯಿತೇ? ನೆಂಟಸ್ತಿಕೆ ಹುಟ್ಟಿನಿಂದ ಬರುತ್ತದೆ, ಅದರಲ್ಲಿ ನಮ್ಮ ಆಯ್ಕೆಯಿಲ್ಲ. ಸ್ನೇಹವನ್ನು ಆಯ್ದುಕೊಂಡು, ಪ್ರತಿವರ್ಷವೂ ಮತ್ತೆ ಆಯ್ದುಕೊಂಡು ಉಳಿಸಿಕೊಳ್ಳಬೇಕು. ಒಂದು ಇನ್ನೊಂದಕ್ಕೆ ಶತ್ರುವಲ್ಲ. ಹೊರಗಿನ ಒಂದು ಕೈಯನ್ನೂ ಸಹಿಸದ ಕುಟುಂಬ ಗಟ್ಟಿಯಾದದ್ದಲ್ಲ, ಇಕ್ಕಟ್ಟಾದದ್ದು.

ಇನ್ನು ಕೆಲವರು ಇದು ವಿದೇಶಿ ವಿಚಾರವೆನ್ನುತ್ತಾರೆ. ವರ್ಜೀನಿಯಾ ವುಲ್ಫ್ 1929ರಷ್ಟು ಹಿಂದೆಯೇ, ಇಂಗ್ಲಿಷ್ ಸಾಹಿತ್ಯದಲ್ಲಿ ಹೆಣ್ಣನ್ನು ಹೆಚ್ಚಾಗಿ ಗಂಡಿನ ಸಂಬಂಧದಲ್ಲಿಯೇ ಕಂಡಿದ್ದಾರೆ, ಇಬ್ಬರು ಹೆಂಗಸರ ಸ್ನೇಹವನ್ನು ಚಿತ್ರಿಸಿದ್ದು ಅಪರೂಪ ಎಂದು ದೂರಿದ್ದರು. ಎಂದರೆ ಕೊರತೆ ಅಲ್ಲಿಯೂ ಇತ್ತು. ಅವರು ಅದನ್ನು ಗುರುತಿಸಿ ತುಂಬಿಕೊಳ್ಳತೊಡಗಿದರು. ಇಟಲಿಯ ಎಲೆನಾ ಫೆರಾಂಟೆ 2011ರಿಂದ 2014ರವರೆಗೆ ನಾಲ್ಕು ಸಂಪುಟಗಳಲ್ಲಿ ನೇಪಲ್ಸಿನ ಬಡಕೇರಿಯ ಇಬ್ಬರು ಹುಡುಗಿಯರ ಸ್ನೇಹವನ್ನು ಮುಪ್ಪಿನವರೆಗೂ ಬರೆದಿದ್ದಾರೆ. ಆ ಸ್ನೇಹದಲ್ಲಿ ಅಸೂಯೆಯಿದೆ, ಮುನಿಸಿದೆ, ವರ್ಷಗಟ್ಟಲೆ ಮೌನವಿದೆ. ಆದರೂ ಮದುವೆಯಾಯಿತೆಂದು ಲೇಖಕಿ ಗೆಳತಿಯನ್ನು ಕಥೆಯಿಂದ ಹೊರಗೆ ಕಳುಹಿಸುವುದಿಲ್ಲ. ಅದರಲ್ಲಿ ಆ ಎಳೆಯ ಹುಡುಗಿಯರಿಬ್ಬರೂ ಜೊತೆಯಾಗಿ ಕೊಂಡು, ಹಾಳೆ ಹರಿಯುವವರೆಗೆ ಓದುವ ಪುಸ್ತಕ ಯಾವುದು ಗೊತ್ತೇ? ಲೂಯಿಸಾ ಮೇ ಆಲ್ಕಾಟ್ 1868ರಲ್ಲಿ ಬರೆದ "ಲಿಟಲ್ ವಿಮೆನ್", ನಾಲ್ವರು ಅಕ್ಕತಂಗಿಯರ ಕಥೆ. ಕುಟುಂಬದ ಬಾಂಧವ್ಯದ ಪುಸ್ತಕವೊಂದು ಇಬ್ಬರು ಗೆಳತಿಯರನ್ನು ಬೆಸೆಯಿತು. ಗೋಣಿದಾರದಲ್ಲಿ ಹೊಲಿದ ನಮ್ಮ ಧಾರಾವಾಹಿಗಳು ಮಾಡಿದ್ದೂ ಅದನ್ನೇ. ಇದರಲ್ಲಿ ವಿದೇಶಿಯಾದದ್ದು ನನಗೆ ಕಾಣಲಿಲ್ಲ.

ಕನ್ನಡದಲ್ಲಿ ಈ ಕೊರತೆಯನ್ನು ಕಂಡು ಬರೆದವರಲ್ಲಿ ವೈದೇಹಿಯವರನ್ನು ನಾನು ಮೊದಲು ನೆನೆಯುತ್ತೇನೆ. ಅವರ "ಅಮ್ಮಚ್ಚಿಯೆಂಬ ನೆನಪು" ಕಥೆಯಲ್ಲಿ ಬಾಲ್ಯದ ಗೆಳತಿ ನೆನಪಾಗಿ ಮಾತ್ರ ಉಳಿದಿದ್ದರೂ ಇಡೀ ಕಥೆ ಅವಳದೇ. ಅವಳ ಉಡುಪಿನ ಆಸೆ, ಪೇಟೆಯ ಆಸೆ, ಅವಳ ಮೇಲೆ ಬಿದ್ದ ಬೇಲಿ, ಎಲ್ಲವನ್ನೂ ಕಂಡ ಸಾಕ್ಷಿಯಾಗಿ ಗೆಳತಿ ಮಾತನಾಡುತ್ತಾಳೆ. 2018ರಲ್ಲಿ ಅದು ಅವರ ಇನ್ನೆರಡು ಕಥೆಗಳೊಡನೆ ಸೇರಿ ಚಲನಚಿತ್ರವೂ ಆಯಿತು. ಅನಸೂಯೆಗೆ ಸಭೆಯಲ್ಲಿ ಸಾಕ್ಷಿ ಹೇಳುವ ಅವಕಾಶ ಸಿಕ್ಕಿದ್ದರೆ ಹೀಗೆಯೇ ಮಾತನಾಡುತ್ತಿದ್ದಳೇನೋ ಎನಿಸುತ್ತದೆ. ಅಂದಹಾಗೆ, ತ್ರಿವೇಣಿಯವರ ನಿಜವಾದ ಹೆಸರು ಅನಸೂಯಾ. ಅವರು ಇನ್ನಿಪ್ಪತ್ತು ವರ್ಷ ಬದುಕಿದ್ದರೆ ಮದುವೆಯ ನಂತರದ ಗೆಳತಿಯನ್ನೂ ಬರೆಯುತ್ತಿದ್ದರೆಂದು ನನ್ನ ನಂಬಿಕೆ.

ಕೊನೆಯದಾಗಿ, ನನ್ನ ಹಳೆಯ ವಿದ್ಯಾರ್ಥಿನಿಯರಿಗೆ. ಗ್ರಂಥಾಲಯದ ಪಟ್ಟಿಯಿಂದ ಹೊಡೆದು ಹಾಕಿದ ಪುಸ್ತಕಗಳನ್ನು ನಾನು ಸಂಬಳದಿಂದ ಒಂದೊಂದಾಗಿ ಕೊಂಡು ತಗಡಿನ ಟ್ರಂಕಿನಲ್ಲಿಟ್ಟು ನಿಮಗೆ ಕೊಡುತ್ತಿದ್ದದ್ದು ನೆನಪಿರಬಹುದು. ಯಾರು ಒಯ್ದರೆಂದು ಬರೆದಿಡುತ್ತಿದ್ದ ಉದ್ದನೆಯ ನೋಟ್‌ಬುಕ್ಕು ಇಂದಿಗೂ ನನ್ನ ಬಳಿಯಿದೆ. ಮೊನ್ನೆ ಊರಿಗೆ ಬಂದ ಮೇಲೆ ಅದನ್ನು ತೆರೆದು ನೋಡಿದೆ. ಪ್ರತಿ ಪುಸ್ತಕದ ಎದುರು ಒಂದು ಹೆಸರು ಶಾಯಿಯಲ್ಲಿದೆ. ಅದರ ಕೆಳಗೆ ಪೆನ್ಸಿಲಿನಲ್ಲಿ ಇನ್ನೊಂದು ಹೆಸರಿದೆ. ಒಬ್ಬಳು ಒಯ್ದರೆ ಇಬ್ಬರು ಓದುತ್ತಿದ್ದಿರಿ, ನಾನು ಎರಡನ್ನೂ ಬರೆದಿಡುತ್ತಿದ್ದೆ. ವರ್ಷಗಟ್ಟಲೆ ಅವೇ ಜೋಡಿಗಳು.

ಆ ಪೆನ್ಸಿಲಿನ ಹೆಸರು ಇಂದು ಎಲ್ಲಿದೆ? ಅವಳ ಫೋನ್ ನಂಬರು ನಿಮ್ಮಲ್ಲಿದೆಯೇ? ಅವಳ ಮನೆಗೆ ಕಡೆಯ ಬಾರಿ ಹೋದದ್ದು ಯಾವಾಗ? ನಿಮ್ಮ ಮಗಳ ಮದುವೆಯ ಪತ್ರಿಕೆ ಹಂಚುವಾಗ ಅವಳ ಹೆಸರು ಯಾವ ಪುಟದಲ್ಲಿತ್ತು? ನಿಮ್ಮ ಸೊಸೆಯ ಗೆಳತಿ ಮನೆಗೆ ಬಂದರೆ, ನೆಂಟರಿಗೆ ಹಾಸುವ ಚಾಪೆಯನ್ನೇ ಹಾಸುತ್ತೀರಾ?

ಉತ್ತರವನ್ನು ನನಗೆ ಬರೆಯಬೇಕಾಗಿಲ್ಲ. ಜೋಡಿಯ ಹೆಸರು ಮರೆತವರು ಮಾತ್ರ ಬರೆಯಿರಿ, ನೋಟ್‌ಬುಕ್ಕು ನೋಡಿ ಹೇಳುತ್ತೇನೆ. ಟ್ರಂಕಿನಲ್ಲಿ "ಫಣಿಯಮ್ಮ" ಎರಡು ಪ್ರತಿಗಳಿವೆ, "ಶರಪಂಜರ" ಒಂದಿದೆ. ನಿಮ್ಮ ಹೆಣ್ಣುಮಕ್ಕಳಿಗೆ ಬೇಕಾದರೆ ಬಂದು ಒಯ್ಯಿರಿ. ನಿಬಂಧನೆ ಹಳೆಯದೇ: ಒಬ್ಬಳು ಒಯ್ದರೆ ಇಬ್ಬರು ಓದಬೇಕು.

ಮುಂದಿನ ತಿಂಗಳು ಗೆಳತಿಯ ಮರುತಪಾಸಣೆ ಇದೆ. ನಾನೇ ಕರೆದುಕೊಂಡು ಹೋಗುತ್ತೇನೆ. ಈ ಸಲ ಫಾರಂನಲ್ಲಿ "ಗೆಳತಿ" ಎಂದೇ ಬರೆಸುವ ಎಂದಿದ್ದೇನೆ. ಒಳಗೆ ಬಿಡದಿದ್ದರೆ ಹೊರಗಿನ ಬೆಂಚಿನ ಮೇಲೆ ಕೂರುತ್ತೇನೆ. ಬೆಂಚು ನಮಗಿಬ್ಬರಿಗೂ ಹೊಸದಲ್ಲ.

ನಿಮ್ಮ ಟೀಚರ್